ವಾಪಸ್ ಎಂದ ಮೂಗು

ಹಾಲಿನವರ ಕಥೆಯನ್ನು ನೀರು ಬೆರೆಸದೆ ಹೇಳುವುದು ಕಷ್ಟ. ಆದರೂ ಇದು ನಡೆದದ್ದು ನಡೆದ ಹಾಗೆಯೇ. ನಂಬಿಕೆಯಿಲ್ಲದವರು ಬೇಕಾದರೆ ಡಿಗ್ರಿ ಕಡ್ಡಿ ಹಾಕಿ ನೀರೆಷ್ಟೆಂದು ನೋಡಿಕೊಳ್ಳಬಹುದು. ಭಾನುವಾರ ಹನ್ನೊಂದೂವರೆಗೆ ಉಲ್ಲಾಳದ ಮನೆಯಿಂದ ಮಗಳ ಸ್ಕೂಟರಿನ ಹಿಂದೆ ಕೂತು ಹೊರಟ ತಮ್ಮಣ್ಣನಿಗೆ ಅವತ್ತಿನ ಮೊದಲ ಅನುಮಾನ ಹುಟ್ಟಿದ್ದು ಮಗಳ ಬೆನ್ನಿನ ಮೇಲೆ. ಅಪೂರ್ವಳ ಬೆನ್ನು ನಗುತ್ತಿತ್ತು. ಮುಖ ರಸ್ತೆಯ ಕಡೆಗಿತ್ತು, ಹೆಲ್ಮೆಟ್ಟಿನೊಳಗೆ ಮುಚ್ಚಿಹೋಗಿತ್ತು, ಆದರೆ ಹೆಗಲ ಮೂಳೆಗಳು ಆಗಾಗ ಸಣ್ಣಗೆ ಕುಲುಕುತ್ತಿದ್ದವು. ರಸ್ತೆ ಉಬ್ಬು ಇಲ್ಲದ ಕಡೆ ಬೆನ್ನು ಯಾಕೆ ಕುಲುಕಬೇಕು? ಮೂವತ್ತೊಂದು ವರ್ಷ ಕೆಂಗೇರಿ ಆಚೆಯ ಒಂದು ಹಾಲಿನ ಸೊಸೈಟಿಯಲ್ಲಿ ಟೆಸ್ಟರ್ ಆಗಿದ್ದವನಿಗೆ, ಬೆಳಗಿನ ಜಾವದಿಂದ ಸಾಲಾಗಿ ನಿಂತ ಕ್ಯಾನುಗಳ ಮುಚ್ಚಳ ಎತ್ತಿ ಮೂಸಿ ‘ಸುರಿ’ ಅಥವಾ ‘ವಾಪಸ್’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದವನಿಗೆ, ಈಗ ಮಗಳ ಬೆನ್ನನ್ನು ಓದುವ ಗತಿ ಬಂದಿತ್ತು. ‘ಯಾಕಮ್ಮ ನಗ್ತಾ ಇದೀಯ?’ ಎಂದ. ‘ನಾನಾ? ಎಲ್ಲಪ್ಪ, ಧೂಳು’ ಎಂದಳು. ಧೂಳಿಗೆ ಕೆಮ್ಮುತ್ತಾರೆ, ನಗುವುದಿಲ್ಲ. ಅವನು ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಈಚೆಗೆ ಅವನು ಗಟ್ಟಿಯಾಗಿ ಹೇಳದೆ ಉಳಿಸಿಕೊಳ್ಳುವ ಮಾತುಗಳೇ ಹೆಚ್ಚಾಗಿದ್ದವು.

ಅನು ಫೋನು ಮಾಡಿದ್ದು ಬುಧವಾರ. ‘ಚಿಕ್ಕಪ್ಪ, ನಾನು ಅನು, ಮುನಿವೆಂಕಟಪ್ಪನವರ ಮಗಳು. ಬಸವೇಶ್ವರನಗರದಲ್ಲಿ ಚೀಸ್ ಬಾರ್ ಮಾಡಿದೀನಿ, ಅಪೂರ್ವ ಹೇಳಿರ್ಬೇಕಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಬರ್ಬೇಕು. ನನ್ನ ಕೈಯಲ್ಲಿ ಮಾಡಿದ ಮಾಲು ನೀವೊಂದ್ಸಲ ಮೂಸಿ ನೋಡಿ ಸರಿ ಅಂದ್ರೆ ನನಗೆ ಧೈರ್ಯ.’ ಬಾರ್ ಎಂದಾಗಲೇ ‘ನಾನು ಬಾರೆ’ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟು ಹೊತ್ತಿಗೆ ನಾಲಗೆ ಓಡಲಿಲ್ಲ. ಸೊಸೈಟಿಗೆ ಹಾಲು ಹಾಕುತ್ತಿದ್ದ ಮುನಿವೆಂಕಟಪ್ಪನ ಹೆಸರು ಕೇಳಿದೊಡನೆ ಅವನ ಕಿವಿ ಬಿಸಿಯಾಗಿತ್ತು. ಊರಲ್ಲಿ ಮೂಸುವವರು ಬೇರೆ ಯಾರೂ ಇಲ್ಲವೇ? ಹಾಲು ಒಡೆಯಿತೆಂದು ಮೂವತ್ತೊಂದು ವರ್ಷ ಚರಂಡಿಗೆ ಸುರಿಸಿದವನನ್ನು, ಬೇಕೆಂದೇ ಹಾಲು ಒಡೆದು ಕೊಳೆಹಾಕಿ ಮಾರುವ ಅಂಗಡಿಗೆ ಕರೆಯುವುದೆಂದರೆ ಅದರಲ್ಲಿ ಏನೋ ಇದೆ. ಏನೋ ಗೊತ್ತಾಗಿದೆ. ಆ ‘ಮೂಸಿ ನೋಡಿ’ ಎನ್ನುವ ಮಾತನ್ನು ಅವಳು ಹೇಳಿದ ರೀತಿಯನ್ನು ಅವನು ನಾಲ್ಕು ದಿನ ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ಕೇಳಿದ. ಒಮ್ಮೆ ಅದರಲ್ಲಿ ಬರೀ ಗೌರವವಿತ್ತು, ಇನ್ನೊಮ್ಮೆ ಸೂಜಿಯಿತ್ತು. ಹೋಗದಿದ್ದರೆ? ಮೂಸು ಎಂದರೆ ಹಿಂಜರಿದ ಟೆಸ್ಟರ್ ಎಂದಾಗುತ್ತದೆ. ಹೋದರೆ ಅಲ್ಲಿ ಎಲ್ಲರೆದುರು ಮೂಗು ಬಗ್ಗಿಸಬೇಕಾಗುತ್ತದೆ, ಮತ್ತು ಆ ಮೂಗಿಗೆ ನಾಲ್ಕು ವರ್ಷದಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಊರಿಗೆಲ್ಲ ಬಂದ ಆ ದೊಡ್ಡ ಜ್ವರ ಅವನಿಗೂ ಬಂದು, ಹದಿನೈದು ದಿನ ಮಲಗಿಸಿ, ಹೋಗುವಾಗ ವಾಸನೆಯನ್ನು ಜೊತೆಗೆ ಎತ್ತಿಕೊಂಡು ಹೋಗಿತ್ತು. ಬೇರೆಯವರಿಗೆ ತಿಂಗಳೊಳಗೆ ವಾಪಸ್ ಬಂತು. ನಿವೃತ್ತಿಗೆ ಒಂದು ವರ್ಷವಿತ್ತು. ಕಣ್ಣಿಲ್ಲದ ಡ್ರೈವರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಅದಕ್ಕಿಂತ ಹೆಚ್ಚಾಗಿ, ‘ತಮ್ಮಣ್ಣನ ಮೂಗು’ ಎನ್ನುವುದು ಆ ಕಡೆಯ ಐದಾರು ಹಳ್ಳಿಗಳಲ್ಲಿ ಒಂದು ಮಾತೇ ಆಗಿತ್ತು. ಜನ ಅದನ್ನು ಅವನಿಗಿಂತ ಬೇರೆಯಾದ ಒಬ್ಬ ಮನುಷ್ಯನ ಹಾಗೆ ಗೌರವಿಸುತ್ತಿದ್ದರು. ಆ ಮನುಷ್ಯ ತೀರಿಕೊಂಡಿದ್ದಾನೆಂದು ಅವನು ಹೇಗೆ ತಾನೇ ಸಾರುತ್ತಾನೆ? ಹೋದ ತಿಂಗಳು ಒಲೆಯ ಮೇಲೆ ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಕಪ್ಪಗಾಗುವವರೆಗೂ ಅವನು ಎರಡು ಮಾರು ದೂರದಲ್ಲಿ ಕೂತು ಪೇಪರ್ ಓದುತ್ತಿದ್ದ. ಮಹಡಿಯಿಂದ ಅಪೂರ್ವ ಓಡಿ ಬಂದಳು. ‘ಅಪ್ಪಾ, ಮನೆಯೆಲ್ಲ ಸೀದ ವಾಸನೆ, ನಿಮಗೆ ಬರ್ಲಿಲ್ವಾ?’ ‘ಪೇಪರ್ ಓದ್ತಾ ಇದ್ನಲ್ಲ.’ ‘ಪೇಪರ್ ಮೂಗಲ್ಲಿ ಓದ್ತೀರಾ?’ ಅವಳು ನಗುತ್ತ ಪಾತ್ರೆಯನ್ನು ನೀರಿಗಿಟ್ಟಳು. ಆದರೆ ಆ ನಗು ಮುಗಿದ ಮೇಲೂ ಒಂದು ಗಳಿಗೆ ಅವಳು ಅವನನ್ನೇ ನೋಡಿದ್ದಳು. ಆ ಒಂದು ಗಳಿಗೆ ಅವನಿಗೆ ಇವತ್ತಿಗೂ ಜೀರ್ಣವಾಗಿಲ್ಲ.

ಹವನೂರು ಸರ್ಕಲ್ ದಾಟಿ ಒಂದು ಅಡ್ಡರಸ್ತೆಗೆ ತಿರುಗಿ ಸ್ಕೂಟರ್ ನಿಂತಿತು. ಕೆಳಗೆ ಸ್ಟೀಲ್ ಪಾತ್ರೆ ಅಂಗಡಿ, ಮೇಲೆ ಗಾಜಿನ ಬಾಗಿಲು. ಮೆಟ್ಟಿಲು ಹತ್ತುವಾಗಲೇ ಅಪೂರ್ವ ಅಂಗೈಯಿಂದ ಮೂಗಿನೆದುರು ಗಾಳಿ ಬೀಸಿಕೊಂಡಳು. ‘ಅಬ್ಬಾ, ಇಲ್ಲಿಗೇ ಬರ್ತಿದೆ ಅಲ್ವಪ್ಪ?’ ಎಂದಳು. ‘ಹ್ಞೂಂ’ ಎಂದು ಅವನೂ ಬೀಸಿಕೊಂಡ. ಇದು ಪರೀಕ್ಷೆಯೋ ಏನೋ. ಮೆಟ್ಟಿಲ ಮೇಲೆ ವಾಸನೆಯೇ ಇಲ್ಲದೆ ಇವಳು ಸುಮ್ಮನೆ ಬೀಸಿಕೊಂಡಿದ್ದರೆ ತಾನಾಗಲೇ ಸಿಕ್ಕಿಬಿದ್ದ ಹಾಗೆ. ಒಳಗೆ ಎಂಟು ಮೇಜು, ಗೋಡೆಯುದ್ದಕ್ಕೂ ಗಾಜಿನ ತಣ್ಣನೆಯ ಬೀರು. ಅದರೊಳಗೆ ಬೆರಣಿಯ ಹಾಗೆ ದುಂಡಗೆ ತಟ್ಟಿಟ್ಟ ಚೀಸುಗಳು, ಕೆಲವಕ್ಕೆ ಬೂದಿ ಬಳಿದಿತ್ತು, ಒಂದರ ಮೈತುಂಬ ನೀಲಿ ನರಗಳು. ಬೂಷ್ಟು. ಅವನ ಕಾಲದಲ್ಲಿ ಕ್ಯಾನಿನ ಕುತ್ತಿಗೆಯಲ್ಲಿ ಇದರ ಒಂದು ಚುಕ್ಕೆ ಕಂಡಿದ್ದರೆ ಆ ಮನೆಯ ಹಾಲು ಒಂದು ವಾರ ಬಂದ್. ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗರು ಅದನ್ನೇ ಬಿಸ್ಕತ್ತಿಗೆ ಸವರಿ, ಕಣ್ಣು ಮುಚ್ಚಿ, ವೈನು ಗುಟುಕರಿಸುತ್ತಿದ್ದರು. ‘ಮಗಾ, ಇದು ಬೇರೆ ಲೆವೆಲ್ ಗುರು’ ಎಂದ ಒಬ್ಬ. ತಾನು ಜೀವಮಾನವಿಡೀ ದುಡ್ಡನ್ನೇ ಚರಂಡಿಗೆ ಸುರಿಸಿದೆನೇನೋ ಎಂದು ತಮ್ಮಣ್ಣನಿಗೆ ಅನ್ನಿಸಿತು. ಮೂಲೆಯ ಮೇಜಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುನಿವೆಂಕಟಪ್ಪ ಕೂತಿದ್ದ. ಎದ್ದು ನಿಂತು ಎರಡೂ ಕೈ ಹಿಡಿದುಕೊಂಡ.

‘ಬಾ ತಮ್ಮಣ್ಣ. ಬರಲ್ವೇನೋ ಅಂದ್ಕೊಂಡಿದ್ದೆ.’

‘ಯಾಕಣ್ಣ ಬರಲ್ಲ?’

‘ಸುಮ್ನೆ ಅಂದೆ ಕಣಯ್ಯ. ಕೂತ್ಕೊ.’

ಸುಮ್ಮನೆ ಯಾರೂ ಏನನ್ನೂ ಅನ್ನುವುದಿಲ್ಲ. ಆ ಕೈಗಳು ಬೆಚ್ಚಗಿದ್ದವು. ನಾಲ್ಕು ವರ್ಷದ ಹಿಂದೆ ಇದೇ ಕೈಗಳು ಹದಿನಾಲ್ಕು ಲೀಟರಿನ ಕ್ಯಾನನ್ನು ಸೊಸೈಟಿಯ ಕಟ್ಟೆಯ ಮೇಲೆ ಇಟ್ಟಿದ್ದವು. ಜ್ವರ ಬಿಟ್ಟು ಆರು ತಿಂಗಳಾಗಿತ್ತು. ಅಷ್ಟರಲ್ಲಿ ತಮ್ಮಣ್ಣ ಹೊಸ ವಿದ್ಯೆಯೊಂದನ್ನು ಕಲಿತುಬಿಟ್ಟಿದ್ದ. ನೀರು ಬೆರೆಸಿದ್ದನ್ನು ಡಿಗ್ರಿ ಕಡ್ಡಿ ಹೇಳುತ್ತಿತ್ತು, ಕೊಬ್ಬನ್ನು ಮೆಷಿನ್ನು ಹೇಳುತ್ತಿತ್ತು. ಹುಳಿ ಹತ್ತಿದ್ದನ್ನು ಮಾತ್ರ ಮೂಗು ಹೇಳಬೇಕು. ಮೂಗು ಹೇಳದ್ದನ್ನು ಅವನು ಮುಖಗಳಿಂದ ಕೇಳತೊಡಗಿದ. ಮುಚ್ಚಳ ಎತ್ತಿ ಬಗ್ಗುವುದು, ಮೂರು ಎಣಿಸುವುದು, ಆಮೇಲೆ ತಲೆಯೆತ್ತಿ ಹಾಲು ತಂದವನ ಮುಖ ನೋಡುವುದು. ಮಾತು ಹೆಚ್ಚು ಆಡುವವನು ರಾತ್ರಿ ಉಳಿದ ಹಾಲು ತಂದಿದ್ದಾನೆ. ನೆಲ ನೋಡುವವನಿಗೆ ತನ್ನ ಹಾಲಿನ ಹಣೆಬರಹ ಆಗಲೇ ಗೊತ್ತು. ಎಷ್ಟೋ ಸಲ ಅದು ಸರಿಯಾಗಿಯೇ ಇತ್ತು, ಅಥವಾ ಸರಿಯೆಂದು ಎಲ್ಲರೂ ಒಪ್ಪಿಕೊಂಡರು; ಮೂಗನ್ನು ಪ್ರಶ್ನಿಸಿದವರು ಯಾರೂ ಇರಲಿಲ್ಲ. ಆ ದಿನ ಮುನಿವೆಂಕಟಪ್ಪ ನೆಲ ನೋಡುತ್ತ ನಿಂತಿದ್ದ. ತಮ್ಮಣ್ಣ ಕಾದು ನೋಡಿದ, ಅವನು ಕಣ್ಣೆತ್ತಲೇ ಇಲ್ಲ. ‘ವಾಪಸ್’ ಎಂದ. ಒಂದು ಸೌಟು ಹಾಲನ್ನು ಸ್ಪಿರಿಟ್ ದೀಪದ ಮೇಲೆ ಕುದಿಸಿದ್ದರೆ ಒಡೆಯುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. ಆದರೆ ತಮ್ಮಣ್ಣನ ಮೂಗಿಗೆ ದೀಪದ ಸಾಕ್ಷಿ ಯಾವಾಗಿನಿಂದ ಬೇಕಾಯಿತು ಎಂದು ಸಾಲಿನಲ್ಲಿ ಯಾರಾದರೂ ಕೇಳಿದ್ದರೆ? ವಾಪಸ್ ಎಂದ ಹಾಲನ್ನು ಬೇರೆ ಕಡೆ ಮಾರದ ಹಾಗೆ ಅಲ್ಲೇ ಚೆಲ್ಲಿಸುವುದು ರೂಢಿ; ಹಾಲು ಹಿಂದಿನ ಚರಂಡಿಗೆ ಹೋಯಿತು. ಎರಡು ಬೀದಿನಾಯಿಗಳು ಬಂದು ಮೂಸಿ, ಬಾಲ ಅಲ್ಲಾಡಿಸಿ, ನೆಕ್ಕತೊಡಗಿದವು. ಆ ಬಾಲಗಳನ್ನು ಕಂಡಾಗಲೇ ತಮ್ಮಣ್ಣನಿಗೆ ಗೊತ್ತಾಗಿತ್ತು, ಹಾಲು ಚೆನ್ನಾಗಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ಮರೆಯುತ್ತಿದ್ದ. ಮಾರನೆಯ ಬೆಳಿಗ್ಗೆ ಮುನಿವೆಂಕಟಪ್ಪ ಎಲ್ಲರಿಗಿಂತ ಮುಂಚೆ ಬಂದು, ತಗ್ಗಿದ ದನಿಯಲ್ಲಿ, ‘ತಪ್ಪು ನಮ್ದೇ ತಮ್ಮಣ್ಣ. ನಮ್ಮೋಳು ಕ್ಯಾನು ಸರಿಯಾಗಿ ನೀರು ಕಾಸಿ ತೊಳ್ದಿರ್ಲಿಲ್ಲ. ಇನ್ಮೇಲೆ ನಾನೇ ತೊಳೀತೀನಿ’ ಎಂದಿದ್ದ. ತೊಳೆದ ಕೂಡ, ಎರಡು ವರ್ಷ, ಹಸು ಮಾರುವವರೆಗೂ. ಹೆಂಡತಿ ವೆಂಕಟಲಕ್ಷ್ಮಮ್ಮ ಕ್ಯಾನು ಮುಟ್ಟುವ ಹಾಗಿರಲಿಲ್ಲ. ಆ ಮಾತು ಹೇಗೋ ಸಾಲಿಗೆ ತಲುಪಿ, ಅಲ್ಲಿಂದ ಮನೆಗಳಿಗೆ ಹೋಯಿತು. ಯಾರದೋ ನಾಮಕರಣಕ್ಕೆ ಅವಳು ತಂದ ಮೊಸರಿನ ಗಡಿಗೆಯನ್ನು ಹೆಂಗಸರು ಮೂಲೆಗೆ ಸರಿಸಿಟ್ಟು, ಬೇರೆಯವರ ಮೊಸರನ್ನು ಬಡಿಸಿದ್ದನ್ನು ತಮ್ಮಣ್ಣ ಪಂಕ್ತಿಯಲ್ಲಿ ಕೂತೇ ನೋಡಿದ್ದ. ಅವಳೂ ಅವನು ನೋಡಿದ್ದನ್ನು ನೋಡಿದ್ದಳು. ಈಗ ಅವಳೆಲ್ಲಿ? ‘ಅತ್ತಿಗೆ ಬಂದಿಲ್ವಾ?’ ಎಂದ. ‘ಒಳಗವ್ಳೆ, ಅಡುಗೆ ಮನೇಲಿ’ ಎಂದ ಮುನಿವೆಂಕಟಪ್ಪ. ಒಳಗೆ ಏನು ಮಾಡುತ್ತಿದ್ದಾಳೆ?

ಅನು ಬಂದಳು. ಹಸಿರು ಏಪ್ರನ್ನು, ಕೂದಲಿಗೆ ಕಟ್ಟಿದ ಬಟ್ಟೆ, ಅಪ್ಪನದೇ ಹಣೆ. ಕೂರುವ ಮೊದಲೇ ಅಪೂರ್ವಳ ಭುಜ ತಟ್ಟಿ, ‘ಏಯ್, ಅದು ಮಾಡಿ ತೋರ್ಸೇ, ಡೈರಿ ಚಿಕ್ಕಪ್ಪ’ ಎಂದಳು. ‘ಅಪ್ಪ ಇಲ್ಲೇ ಇದಾರೆ ಕಣೇ.’ ‘ಇದ್ರೆ ಇನ್ನೂ ಮಜಾ. ಚಿಕ್ಕಪ್ಪ, ಬೇಜಾರಿಲ್ಲ ತಾನೇ?’ ಬೇಜಾರಿದೆ ಎನ್ನಲು ಯಾರಿಗೆ ಸಾಧ್ಯ? ಅಪೂರ್ವ ಎದ್ದು ನಿಂತಳು. ಇಲ್ಲದ ಟವೆಲನ್ನು ಹೆಗಲಿಗೆ ಎಸೆದುಕೊಂಡಳು. ಎಡಗೈಯಿಂದ ಇಲ್ಲದ ಮುಚ್ಚಳ ಎತ್ತಿದಳು. ಮೂಗಿನ ಹೊಳ್ಳೆ ಅರಳಿಸಿ, ಬಗ್ಗಿ, ಕಣ್ಣು ಮುಚ್ಚಿ, ಮೂರು ಎಣಿಸುವಷ್ಟು ಹೊತ್ತು ಹಾಗೇ ನಿಂತಳು. ಪಕ್ಕದ ಮೇಜಿನ ಹುಡುಗರೂ ತಿರುಗಿ ನೋಡಿದರು. ಆಮೇಲೆ ಅವಳು ನಿಧಾನವಾಗಿ ತಲೆಯೆತ್ತಿ, ಎದುರಿಗೆ ಕೂತ ಮುನಿವೆಂಕಟಪ್ಪನ ಮುಖವನ್ನು ಓರೆಯಾಗಿ ನೋಡಿ, ‘ವಾಪಸ್’ ಎಂದಳು. ಅಪ್ಪನದೇ ದನಿ, ಗಂಟಲಲ್ಲಿ ಸಿಕ್ಕಿಕೊಂಡ ಅದೇ ‘ಪ’. ಎಲ್ಲರೂ ನಕ್ಕರು. ತಮ್ಮಣ್ಣ ಮಾತ್ರ ಲೆಕ್ಕ ಹಾಕುತ್ತಿದ್ದ. ಟವೆಲು, ಮುಚ್ಚಳ, ಹೊಳ್ಳೆ ಇವೆಲ್ಲ ಮೂವತ್ತು ವರ್ಷದ್ದು. ಆ ಕೊನೆಯ ಓರೆನೋಟ ಮಾತ್ರ ಕಡೆಯ ವರ್ಷದ್ದು. ಆ ವರ್ಷ ತನ್ನನ್ನು ಬೆಳಿಗ್ಗೆ ಸ್ಕೂಟರಿನಲ್ಲಿ ಬಿಡಲು ಬರುತ್ತಿದ್ದವಳು ಇವಳೇ. ನೋಡಿದ್ದಾಳೆ. ತನಗೆ ಏನು ಸಿಕ್ಕಿದೆ ಎನ್ನುವುದು ಅವಳಿಗೆ ಗೊತ್ತೋ, ಅಥವಾ ಕನ್ನಡಿಯ ಹಾಗೆ ಗೊತ್ತಿಲ್ಲದೆಯೇ ಹಿಡಿದುಬಿಟ್ಟಿದ್ದಾಳೋ?

ಚಪಾತಿ ಮಣೆಯಂಥ ಹಲಗೆಯ ಮೇಲೆ ಚೀಸುಗಳು ಬಂದವು. ಪಕ್ಕದಲ್ಲಿ ಸುಟ್ಟ ಬ್ರೆಡ್ಡು, ಜೇನು, ಹೆಚ್ಚಿದ ಸೀಬೆಹಣ್ಣು. ‘ಒಂದೊಂದಾಗಿ, ಚಿಕ್ಕಪ್ಪ. ಮೂಸಿ, ತಿಂದು, ಹೇಳಿ. ಮುಲಾಜು ಬೇಡ.’ ಅವನು ಮೊದಲನೆಯದನ್ನು ಎತ್ತಿ ಮೂಗಿಗೆ ಹಿಡಿದ. ಮೂರು ಎಣಿಸಿದ. ಶೂನ್ಯ. ಬಾಯಿಗೆ ಹಾಕಿದಾಗ ನಾಲಗೆ ಪುಣ್ಯಕ್ಕೆ ಹುಳಿಯನ್ನು ಹೇಳಿತು. ‘ಹುಳಿ ಒಂದು ಚೂರು ಮುಂದಿದೆ, ಆದ್ರೆ ಹಾಲು ಶುದ್ಧ’ ಎಂದ. ಅನು ಅಂಗೈಗೆ ಅಂಗೈ ಹೊಡೆದಳು. ‘ನೋಡಿದ್ಯಾ? ನಾನೂ ಅದನ್ನೇ ಬರ್ಕೊಂಡಿದೀನಿ.’ ಎರಡನೆಯದು ನೀಲಿ ನರದ್ದು. ಅದು ಹತ್ತಿರ ಬರುತ್ತಿದ್ದಂತೆ ಅಪೂರ್ವ ಕುರ್ಚಿ ಹಿಂದಕ್ಕೆ ಎಳೆದಳು, ಮುನಿವೆಂಕಟಪ್ಪ ತುಟಿ ಒಳಗೆ ಮಡಿಸಿದ. ತಮ್ಮಣ್ಣ ಆ ಮುಖಗಳನ್ನು ಓದಿ, ತಾನೂ ಮುಖ ಹಿಂಡಿ, ‘ದನದ ಕೊಟ್ಟಿಗೆ, ಮಳೆಗಾಲದ್ದು’ ಎಂದ. ಎಲ್ಲರೂ ಹೌದು ಹೌದೆಂದರು. ಪಕ್ಕದ ಮೇಜಿನ ಹುಡುಗ ‘ಕರೆಕ್ಟ್ ಅಂಕಲ್’ ಎಂದ. ತಮ್ಮಣ್ಣ ಕುರ್ಚಿಗೆ ಒರಗಿದ. ಕಳೆದುಹೋದ ಆ ಗೌರವ ಮತ್ತೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಂತಾಯಿತು. ನೀರು ಕುಡಿದ. ಇನ್ನು ಒಂದು ಉಳಿದಿತ್ತು.

ಮೂರನೆಯದನ್ನು ಅನು ಬೇರೆ ಬಟ್ಟಲಿನಲ್ಲಿ ತಂದಳು. ತಿಳಿ ಹಳದಿ, ಚೌಕ, ಮೇಲೆ ಕರಿಮೆಣಸಿನ ಪುಡಿಯ ಪದರ. ತಮ್ಮಣ್ಣ ಅದನ್ನು ಎತ್ತುವ ಮೊದಲು ಮುಖಗಳತ್ತ ಕಣ್ಣು ಹಾಯಿಸಿದ. ಮುಖಗಳೇ ಇರಲಿಲ್ಲ. ಅಪೂರ್ವ ಫೋಟೋಕ್ಕೆ ಕೂತವಳ ಹಾಗೆ ನೇರ ಕೂತಿದ್ದಳು. ಅನು ಮೇಜಿನ ಅಂಚು ನೋಡುತ್ತಿದ್ದಳು. ಮುನಿವೆಂಕಟಪ್ಪನ ಕಣ್ಣಲ್ಲಿ ಏನೋ ಹೊಳೆಯುತ್ತಿತ್ತು, ಅದು ಯಾವ ಹೊಳಪು ಎನ್ನುವುದು ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಒಂದು ಸೀರೆಯ ಅಂಚು ನಿಂತಿತ್ತು. ಬಲೆ. ಬುಧವಾರದಿಂದ ಕಾದಿದ್ದ ಬಲೆ ಇದೇ. ಅವನು ಮೂಸಿದ, ಮೂರಕ್ಕೆ ಬದಲು ಆರು ಎಣಿಸಿದ. ಬಾಯಿಗೆ ಹಾಕಿದ. ಮೆಣಸು ಚುರುಗುಟ್ಟಿತು, ಅದರ ಹಿಂದೆ ಏನೂ ಇಲ್ಲ. ಹುಳಿಯಿಲ್ಲ, ಉಪ್ಪಿಲ್ಲ, ಮೆತ್ತಗೆ ಮುರಿದು ಕರಗುವ ಒಂದು ಮೌನ. ಹಲ್ಲಿಗೆ ಅದರ ಪರಿಚಯವಿತ್ತು, ಆದರೆ ಹೆಸರು ಹೇಳಬೇಕಾದವನು ಸತ್ತಿದ್ದ. ಓದಲು ಮುಖವಿಲ್ಲ. ದುಬಾರಿಯದ್ದನ್ನು ಕಡೆಗೆ ಇಡುತ್ತಾರೆ, ಹಳೆಯದ್ದೇ ದುಬಾರಿ ಎಂದು ಲೆಕ್ಕ ಹಾಕಿದ.

‘ಇದು ಭಾರಿ ಮಾಲು’ ಎಂದ. ‘ಹಳೇದು. ಕಡಿಮೆ ಅಂದ್ರೂ ಒಂದು ವರ್ಷ ಇಟ್ಟು ಮಾಗ್ಸಿದಾರೆ. ನಮ್ಮ ಕಡೆ ಹಾಲಲ್ಲ ಇದು, ಫಾರಿನ್ದು.’

ಅಪೂರ್ವ ಮೇಜಿಗೆ ಹಣೆ ಹಚ್ಚಿ ಕುಲುಕತೊಡಗಿದಳು. ಅನು ಬಾಯಿಗೆ ಏಪ್ರನ್ನು ತುರುಕಿಕೊಂಡಳು. ‘ಅಪ್ಪಾ,’ ಅಪೂರ್ವ ಬಿಕ್ಕುತ್ತ ಹೇಳಿದಳು, ‘ಗಿಣ್ಣು ಅದು. ಬೆಲ್ಲ ಏಲಕ್ಕಿ ಹಾಕ್ದೇ ಬೇಯ್ಸಿರೋ ಗಿಣ್ಣು. ಅನು ಹಾಲು ತಗೊಳ್ಳೋ ಮನೇಲಿ ಹಸು ಕರು ಹಾಕಿ ಎರಡು ದಿನ ಆಯ್ತು. ಒಂದು ವರ್ಷವಂತೆ. ಫಾರಿನ್ ಅಂತೆ.’

ಗಿಣ್ಣು. ಕರು ಹಾಕಿದ ಹಸುವಿನ ಮೊದಲ ಹಾಲು. ಓಣಿಯಲ್ಲಿ ಯಾರ ಮನೆಯಲ್ಲಿ ಬೇಯಿಸಿದರೂ ತೊಟ್ಟಿಲ ಕೂಸಿಗೂ ಗೊತ್ತಾಗುವ ವಾಸನೆ. ಆ ಹಾಲನ್ನು ಡೈರಿಗೆ ಹಾಕಬಾರದು. ಅದು ಕ್ಯಾನಿನಲ್ಲಿ ಬೆರೆತು ಬಂದಿದೆಯೇ ಎಂದು ಹಿಡಿಯುವುದೇ ಟೆಸ್ಟರ್ ಮೊದಲ ವಾರ ಕಲಿಯುವ ಕೆಲಸ. ತಮ್ಮಣ್ಣ ನಕ್ಕ. ನಗದೆ ಬೇರೆ ದಾರಿಯಿರಲಿಲ್ಲ. ಅವನ ನಗು ಅವನ ಕಿವಿಗೇ ಖಾಲಿ ಕ್ಯಾನು ಉರುಳಿದ ಹಾಗೆ ಕೇಳಿಸಿತು. ಅಂದರೆ ಎಲ್ಲರಿಗೂ ಗೊತ್ತಿತ್ತು, ಇದಕ್ಕಾಗಿಯೇ ಕರೆಸಿದ್ದು. ಅಷ್ಟರಲ್ಲಿ ಅನು ಕಣ್ಣೊರೆಸಿಕೊಳ್ಳುತ್ತ, ‘ಸಾರಿ ಚಿಕ್ಕಪ್ಪ. ಬಟ್ಟಲು ಮೇಜಿಗೆ ಬರೋಕ್ಮುಂಚೆ ನೀವು ಹಿಡೀತೀರ ಅಂದ್ಕೊಂಡಿದ್ವಿ. ಏನಮ್ಮ ಇದು, ಚೀಸ್ ಬಾರಲ್ಲಿ ಗಿಣ್ಣು ಇಡ್ತೀಯಾ ಅಂತ ನನಗೇ ಬೈತೀರ, ಅಲ್ಲಿಗೆ ನಗೋಣ ಅಂತ. ನಮ್ಮಪ್ಪ ಬೆಟ್ ಕಟ್ಟಿದ್ರು ನಿಮ್ಮ ಕಡೆ’ ಎಂದಳು.

‘ನಾನು ಅಂದಿದ್ದೆ ಇವಕ್ಕೆ,’ ಎಂದ ಮುನಿವೆಂಕಟಪ್ಪ. ಅವನೊಬ್ಬನೇ ನಗುತ್ತಿರಲಿಲ್ಲ. ಅವನ ಕಣ್ಣಿನ ಹೊಳಪು ಆರಿತ್ತು. ಅದು ಹೆಮ್ಮೆಯ ಹೊಳಪಾಗಿತ್ತೆಂದು ತಮ್ಮಣ್ಣನಿಗೆ ಈಗ ತಿಳಿಯಿತು. ‘ಮುಚ್ಚಳ ತೆಗೆಯೋಕ್ಮುಂಚೆ ಗಿಣ್ಣು ಹಿಡೀತಿದ್ದೋನು ಇವ್ನು. ಇವತ್ತು ಶೀತ ಆಗಿರ್ಬೇಕು, ಬಿಡ್ರಮ್ಮ. ಅಲ್ವೇನಯ್ಯ, ಶೀತ ತಾನೇ?’

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ‘ಹ್ಞೂಂ, ಶೀತ’ ಎಂದರೆ ಸಾಕು, ಮೂಗು ಬದುಕುತ್ತದೆ; ಇನ್ನೂ ಇಪ್ಪತ್ತು ವರ್ಷ ಬದುಕಬಹುದು. ಬಾಗಿಲು ಹಿಡಿದು ಕೊಡುತ್ತಿರುವವನು, ತಾನು ಯಾರ ಹಾಲು ಚೆಲ್ಲಿಸಿದ್ದನೋ ಅವನೇ. ಅಡುಗೆಮನೆಯಿಂದ ವೆಂಕಟಲಕ್ಷ್ಮಮ್ಮ ಹೊರಗೆ ಬಂದಿದ್ದಳು. ಕೈಯಲ್ಲಿ ಗಿಣ್ಣಿನ ಪಾತ್ರೆ. ಕಾಸಿ, ಉಜ್ಜಿ, ಬೆಳ್ಳಗೆ ತೊಳೆದ ಪಾತ್ರೆ. ಅದನ್ನು ಮೇಜಿನ ಮೇಲಿಡಲೋ ಬೇಡವೋ ಎನ್ನುವಂತೆ ಗಂಡನ ಮುಖ ನೋಡುತ್ತಿದ್ದಳು. ಕೇಳದೆ ಒಂದು ಪಾತ್ರೆಯನ್ನೂ ಇಡದ ಅಭ್ಯಾಸ ಅವಳಿಗೆ ಯಾವಾಗ ಆಯಿತು, ಯಾರಿಂದ ಆಯಿತು?

‘ಶೀತ ಅಲ್ಲಣ್ಣ,’ ಎಂದ ತಮ್ಮಣ್ಣ. ‘ಆ ಜ್ವರ ಬಂತಲ್ಲ, ಅವತ್ತಿಂದ ನನಗೆ ವಾಸನೆ ಬರೋದೇ ಇಲ್ಲ.’

ಅಪೂರ್ವ ಮೇಜಿನಿಂದ ತಲೆಯೆತ್ತಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಎಷ್ಟೋ ದಿನದಿಂದ ಕಾದ ಬಸ್ಸು ಬಂದವರ ಮುಖವಿತ್ತು. ಮುನಿವೆಂಕಟಪ್ಪ ಮಾತ್ರ ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದ.

‘ಜ್ವರ ಬಂದಿದ್ದು ಬೇಸಿಗೇಲಿ. ನಮ್ಮ ಕ್ಯಾನು ವಾಪಸ್ ಮಾಡಿದ್ದು ದೀಪಾವಳಿ ಆದ್ಮೇಲೆ.’

‘ಹೌದಣ್ಣ.’

‘ಮತ್ತೆ ಹುಳಿ ಅಂತ ಹೆಂಗ್ ಗೊತ್ತಾಯ್ತು?’

‘ಗೊತ್ತಾಗ್ಲಿಲ್ಲ. ನಿಮ್ಮ ಮುಖ ನೋಡ್ದೆ. ನೀವು ಕಣ್ಣೆತ್ತದೆ ನೆಲ ನೋಡ್ತಾ ನಿಂತಿದ್ರಿ. ತಪ್ಪು ಮಾಡಿರ್ಬೇಕು ಅಂದ್ಕೊಂಡೆ.’

‘ಅಯ್ಯೋ ನಿನ್ನ,’ ಎಂದ ಮುನಿವೆಂಕಟಪ್ಪ. ಬಗ್ಗಿ ತನ್ನ ಕಾಲು ನೋಡಿಕೊಂಡ. ‘ಚಪ್ಪಲಿ ಉಂಗುಷ್ಟ ಕಿತ್ತೋಗಿತ್ತು ಕಣಯ್ಯ. ಅದನ್ನ ಕಾಲ್ಬೆರಳಲ್ಲಿ ಹಿಡ್ಕೊಂಡು ನೋಡ್ತಾ ನಿಂತಿದ್ದೆ.’

ತಮ್ಮಣ್ಣ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ಮೊದಲು ಅವನಿಗೆ ಕೇಳಿಸಿದ್ದು ಪಾತ್ರೆಯನ್ನು ಮೇಜಿನ ಮೇಲೆ ಇಟ್ಟ ಸದ್ದು, ಯಾರನ್ನೂ ಕೇಳದೆ, ಧಡ್ ಎಂದು. ಆಮೇಲೆ ಏನೋ ಒಡೆದಂತೆ ಒಂದು ಸದ್ದು. ಅಳು ಎಂದುಕೊಂಡ. ಅದಕ್ಕೆ ತಯಾರಾಗಿ ಹೆಗಲು ಬಿಗಿಮಾಡಿಕೊಂಡ. ಅಳು ಅಲ್ಲ. ‘ಚಪ್ಪಲಿ,’ ಎಂದಳು ವೆಂಕಟಲಕ್ಷ್ಮಮ್ಮ. ‘ಕೇಳಿದ್ಯಾ ಅನು, ನಿಮ್ಮಪ್ಪನ ಚಪ್ಪಲಿಯಂತೆ.’ ಅವಳು ಪಕ್ಕದ ಮೇಜಿನ ಕುರ್ಚಿ ಎಳೆದು ಕೂತಳು, ಕೂತಲ್ಲಿಂದ ಗಂಡನ ಕಡೆ ಬೆರಳು ತೋರಿಸಿದಳು. ‘ಎರಡು ವರ್ಷ, ಎರಡು ಹೊತ್ತೂ, ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತ್ಕೊಂಡು ಕ್ಯಾನು ತೊಳೆದ್ರಲ್ಲ, ಸೊಂಟ ಹಿಡ್ಕೊಂಡು ಎದ್ದೇಳ್ತಿದ್ರಲ್ಲ, ಬಿಡಿ ನಾನು ತೊಳೀತೀನಿ ಅಂದ್ರೆ ಬೇಡ ನೀನು ಮುಟ್ಬೇಡ ಅಂತಿದ್ರಲ್ಲ.’ ಮಾತು ಅಲ್ಲಿಗೆ ನಿಂತು ನಗುವೊಂದೇ ಉಳಿಯಿತು. ಮುನಿವೆಂಕಟಪ್ಪ ನಗಲು ಬಾಯಿ ತೆರೆದು, ನಕ್ಕರೆ ಸರಿಯೋ ತಪ್ಪೋ ತಿಳಿಯದೆ, ಹಾಗೇ ಬಿಟ್ಟ. ಹುಡುಗಿಯರು ನಕ್ಕರು, ಏನೆಂದು ಗೊತ್ತಿಲ್ಲದ ಪಕ್ಕದ ಮೇಜಿನ ಹುಡುಗರೂ ನಕ್ಕರು. ಆ ನಗುವಿನಲ್ಲಿ ಕ್ಷಮೆಯಿದೆಯೋ ಶಾಪವಿದೆಯೋ ಎಂದು ನೋಡಲು ತಮ್ಮಣ್ಣ ಕಡೆಗೂ ತಲೆಯೆತ್ತಿ ಅವಳ ಮುಖ ಹುಡುಕಿದ. ಅವಳು ಸೆರಗನ್ನು ಮುಖಕ್ಕೆ ಒತ್ತಿಕೊಂಡಿದ್ದಳು. ಓದಲು ಅಲ್ಲಿ ಏನೂ ಇರಲಿಲ್ಲ. ಸೆರಗಿನ ಒಳಗಿಂದ, ಅಲ್ಲಿದ್ದ ಎಲ್ಲರ ನಗುವನ್ನೂ ಮುಳುಗಿಸಿ, ಅವಳ ನಗು ಬರುತ್ತಲೇ ಇತ್ತು.